ಇಂಗ್ಲೆಂಡಿನ ಮೋಟರ್‌ವೇಯ ಬದಲಾಗುವ ವೇಗಮಿತಿ ಮತ್ತು ಮನೆಗೆ ಬಂದ ನೋಟಿಸು: ಬಳಕೆದಾರನೊಬ್ಬನ ವಿಮರ್ಶೆ

ಹೋಟೆಲಿಗೋ ಮೊಬೈಲಿಗೋ ವಿಮರ್ಶೆ ಬರೆಯುವ ಹಾಗೆ ರಸ್ತೆಯ ವೇಗಮಿತಿಗೂ ವಿಮರ್ಶೆ ಬರೆಯಬಹುದೇ ಎಂಬ ಅನುಮಾನ ನನಗೂ ಇತ್ತು. ಆದರೆ ಇಂಗ್ಲೆಂಡಿನ ಮೋಟರ್‌ವೇಗಳಲ್ಲಿ ವರ್ಷಗಟ್ಟಲೆ ಕಾರು ಓಡಿಸಿ, ರಸ್ತೆ ತೆರಿಗೆಯನ್ನೂ ಇಂಧನದ ಮೇಲಿನ ಸುಂಕವನ್ನೂ ತಪ್ಪದೆ ಕಟ್ಟಿದ ಮೇಲೆ, ತಲೆಯ ಮೇಲೆ ರಸ್ತೆಗೆ ಅಡ್ಡಲಾಗಿ ಕಟ್ಟಿದ ಗ್ಯಾಂಟ್ರಿಯಲ್ಲಿ ಬೆಳಗುವ ಆ ಅಂಕಿಯೂ ನಾನು ಹಣ ಕೊಟ್ಟು ಪಡೆಯುತ್ತಿರುವ ಸೇವೆಯೇ ಎಂದು ತೀರ್ಮಾನಿಸಿದ್ದೇನೆ. ಈ ಸೇವೆಗೆ ಎರಡು ಮುಖಗಳಿವೆ. ಒಂದು ರಸ್ತೆಯ ಮೇಲೆ ಕಾಣುವುದು, ಇನ್ನೊಂದು ಅಂಚೆಯಲ್ಲಿ ಮನೆಗೆ ಬರುವುದು. ಮೊದಲನೆಯದನ್ನು ದಿನವೂ ಬಳಸುತ್ತೇನೆ. ಎರಡನೆಯದರ ರುಚಿ ಒಮ್ಮೆ ಮಾತ್ರ ಸಿಕ್ಕಿದೆ, ಅಷ್ಟೇ ಸಾಕಾಗಿದೆ.

ರಸ್ತೆಯ ವಿಷಯದಿಂದಲೇ ತೊಡಗುತ್ತೇನೆ, ಏಕೆಂದರೆ ಅಲ್ಲಿ ಹೊಗಳುವುದಕ್ಕೆ ಬೇಕಾದಷ್ಟಿದೆ. ಕಾರುಗಳಿಗೆ ಮೋಟರ್‌ವೇಯ ಸಾಮಾನ್ಯ ಮಿತಿ ಗಂಟೆಗೆ 70 ಮೈಲಿ, ಅಂದರೆ ಸುಮಾರು 113 ಕಿಲೋಮೀಟರ್. ಲಂಡನ್ನನ್ನು ಸುತ್ತುವರಿದ ಎಂ25 ರಸ್ತೆಯಲ್ಲಿ, ಹೀಥ್ರೂ ವಿಮಾನ ನಿಲ್ದಾಣದ ಬಳಿಯ ಅತಿ ದಟ್ಟಣೆಯ ಭಾಗದಲ್ಲಿ, 1995ರಲ್ಲಿ ಈ ಮಿತಿಯನ್ನು ಸಂಚಾರಕ್ಕೆ ತಕ್ಕಂತೆ 60, 50, 40 ಎಂದು ಇಳಿಸುವ ಏರ್ಪಾಡು ಮೊದಲಾಯಿತು. 2006ರಲ್ಲಿ ಬರ್ಮಿಂಗ್‌ಹ್ಯಾಮ್ ಬಳಿಯ ಎಂ42ರಲ್ಲಿ ದಟ್ಟಣೆಯ ಹೊತ್ತಿಗೆ ಹಾರ್ಡ್ ಶೋಲ್ಡರನ್ನೂ (ಕೆಟ್ಟು ನಿಂತ ವಾಹನಗಳಿಗೆಂದು ರಸ್ತೆಯ ಅಂಚಿನಲ್ಲಿ ಬಿಟ್ಟ ಪಟ್ಟಿ) ಸಂಚಾರಕ್ಕೆ ತೆರೆಯುವ ಪ್ರಯೋಗ ಇದರ ಜೊತೆಗೆ ಸೇರಿತು, ಅಲ್ಲಿಂದ ಮುಂದೆ 'ಸ್ಮಾರ್ಟ್ ಮೋಟರ್‌ವೇ' ಎಂಬ ಹೆಸರು ಹುಟ್ಟಿಕೊಂಡಿತು. ಹಾರ್ಡ್ ಶೋಲ್ಡರನ್ನೇ ಶಾಶ್ವತವಾಗಿ ಲೇನ್ ಮಾಡಿದ್ದರ ಬಗ್ಗೆ ಎದ್ದ ವಿರೋಧದಿಂದಾಗಿ ಹೊಸ ಸ್ಮಾರ್ಟ್ ಮೋಟರ್‌ವೇಗಳ ನಿರ್ಮಾಣವನ್ನು ಸರ್ಕಾರ 2023ರ ಏಪ್ರಿಲ್‌ನಲ್ಲಿ ಕೈಬಿಟ್ಟಿತಾದರೂ, ಆಗಲೇ ಇರುವ ರಸ್ತೆಗಳೂ ಅವುಗಳ ಮೇಲಿನ ಬದಲಾಗುವ ವೇಗಮಿತಿಯೂ ಹಾಗೆಯೇ ಉಳಿದಿವೆ.

ಇದರ ಹಿಂದಿನ ಯಂತ್ರಕ್ಕೆ ಮೈಡಾಸ್ ಎಂದು ಹೆಸರು. ರಸ್ತೆಯ ಮೈಯೊಳಗೆ ಹೂತ ತಂತಿಸುರುಳಿಗಳು ತಮ್ಮ ಮೇಲೆ ಹಾದು ಹೋಗುವ ವಾಹನಗಳನ್ನು ಎಣಿಸುತ್ತ, ಅವುಗಳ ವೇಗವನ್ನು ಅಳೆಯುತ್ತ, ಮುಂದೆಲ್ಲೋ ಸಂಚಾರ ಕಟ್ಟಿಕೊಳ್ಳುತ್ತಿದೆ ಎಂದು ಗೊತ್ತಾದ ಕೂಡಲೇ ಹಿಂದಿನಿಂದ ಬರುವವರ ಮಿತಿಯನ್ನು ತಾವಾಗಿಯೇ ಇಳಿಸುತ್ತವೆ. ಒಬ್ಬ ಚಾಲಕ ಗಾಬರಿಯಿಂದ ಬ್ರೇಕ್ ಒತ್ತಿದರೆ ಅವನ ಹಿಂದಿನವನು ಇನ್ನೂ ಗಟ್ಟಿಯಾಗಿ ಒತ್ತುತ್ತಾನೆ, ಆ ಅಲೆ ಹಿಂದಕ್ಕೆ ಸಾಗುತ್ತ ಸಾಗುತ್ತ ಕೊನೆಗೆ ಕಾರಣವೇ ಇಲ್ಲದ ಜಾಗದಲ್ಲಿ ಎಲ್ಲರನ್ನೂ ನಿಲ್ಲಿಸಿಬಿಡುತ್ತದೆ. ಎಲ್ಲರೂ ಮೊದಲೇ 50ಕ್ಕೆ ಇಳಿದಿದ್ದರೆ ಈ ಅಲೆ ಏಳುವುದೇ ಕಡಿಮೆ. 'ರಸ್ತೆ ಖಾಲಿ ಇದೆ, ಆದರೂ 40 ಎಂದು ತೋರಿಸುತ್ತಿದೆ' ಎಂದು ಗೊಣಗುವವರಲ್ಲಿ ನಾನೂ ಒಬ್ಬನಾಗಿದ್ದೆ. ನಮ್ಮ ಮುಂದಿನ ರಸ್ತೆ ಖಾಲಿ ಕಾಣುತ್ತಿರುವುದಕ್ಕೆ ಆ 40 ಕೂಡ ಒಂದು ಕಾರಣ ಎಂಬುದು ಹೊಳೆಯಲು ಸಮಯ ಹಿಡಿಯಿತು. ದಟ್ಟಣೆ ತೆರವಾದ ಮೇಲೂ ಅಂಕಿ ಕೆಲಹೊತ್ತು ಹಾಗೆಯೇ ಉಳಿದಿರುವುದುಂಟು. ಅದು ಕಿರಿಕಿರಿಯೇ ಹೊರತು ಅನ್ಯಾಯವಲ್ಲ.

ಅಂಕಿಯ ಸುತ್ತ ಕೆಂಪು ಉಂಗುರವಿದ್ದರೆ ಅದು ಕಾನೂನು, ಉಂಗುರವಿಲ್ಲದಿದ್ದರೆ ಸಲಹೆ. ಬಿಳಿಯ ವೃತ್ತದಲ್ಲಿ ಕಪ್ಪು ಓರೆಗೆರೆ ಬಂದರೆ ಮತ್ತೆ 70. ಲೇನಿನ ಮೇಲೆ ಕೆಂಪು ಗುಣಾಕಾರದ ಚಿಹ್ನೆ ಬಂದರೆ ಆ ಲೇನ್ ಮುಚ್ಚಿದೆ ಎಂದರ್ಥ. 2019ರಿಂದ ಅದನ್ನು ಮೀರಿದವರನ್ನೂ ಕ್ಯಾಮೆರಾ ಹಿಡಿಯುತ್ತದೆ. ಈ ಚಿಹ್ನೆಗಳ ಭಾಷೆ ಸ್ಪಷ್ಟವಾಗಿದೆ. ನನ್ನ ದೂರು ಅವುಗಳ ಜಾಗದ ಬಗ್ಗೆ. ಹಳೆಯ ವಿಭಾಗಗಳಲ್ಲಿ ಪ್ರತಿ ಲೇನಿನ ನೆತ್ತಿಯ ಮೇಲೆ ಒಂದೊಂದು ಅಂಕಿ ಕಾಣುತ್ತಿತ್ತು. ಆಮೇಲೆ ಮಾಡಿದ ಹಲವು ಕಡೆ ಖರ್ಚು ತಗ್ಗಿಸಲು ಗ್ಯಾಂಟ್ರಿಗಳನ್ನು ವಿರಳಗೊಳಿಸಿ, ನಡುನಡುವೆ ಎಡಬದಿಯ ಅಂಚಿನಲ್ಲಿ ಒಂದೇ ಒಂದು ಫಲಕವನ್ನು ನಿಲ್ಲಿಸಿದ್ದಾರೆ. ನಾಲ್ಕನೆಯ ಲೇನಿನಲ್ಲಿರುವವನಿಗೂ ಆ ಫಲಕಕ್ಕೂ ನಡುವೆ ಲಾರಿಗಳ ಸಾಲೇ ಇರುತ್ತದೆ. ನನ್ನ ಕಥೆ ಶುರುವಾಗುವುದೂ ಅಂಥ ಒಂದು ಫಲಕದಿಂದಲೇ.

ಶನಿವಾರ ಬೆಳಗಿನ ಅಂಚೆಯಲ್ಲಿ ಒಂದು ಕಂದು ಲಕೋಟೆ ಬಂದಿತ್ತು. ಗಂಟೆಗೆ 50 ಮೈಲಿಯ ಮಿತಿಯಿರುವಲ್ಲಿ ನನ್ನ ಕಾರು 61ರಲ್ಲಿ ಸಾಗಿತೆಂದೂ, ಚಾಲಕ ಯಾರೆಂದು 28 ದಿನಗಳೊಳಗೆ ತಿಳಿಸಬೇಕೆಂದೂ ಅದರಲ್ಲಿತ್ತು. ಆ ದಿನ ಆ ರಸ್ತೆಯಲ್ಲಿ ನಾನು 60ರ ಅಂಕಿಯನ್ನು ನೋಡಿದ್ದು ನನಗೆ ಚೆನ್ನಾಗಿ ನೆನಪಿತ್ತು. 60ರ ಮಿತಿಯಲ್ಲಿ 61 ಯಾರೂ ನೋಟಿಸು ಕಳಿಸುವ ವೇಗವಲ್ಲ, ಏಕೆಂದರೆ ಪೊಲೀಸ್ ಮುಖ್ಯಸ್ಥರ ಮಂಡಳಿಯ ಮಾರ್ಗಸೂಚಿಯಂತೆ ಸಾಮಾನ್ಯವಾಗಿ ಮಿತಿಯ ಮೇಲೆ ಶೇಕಡಾ 10 ಮತ್ತು ಇನ್ನೆರಡು ಮೈಲಿ ದಾಟಿದ ಮೇಲಷ್ಟೇ ಕ್ರಮ ಜರುಗುತ್ತದೆ: 50ಕ್ಕೆ 57, 60ಕ್ಕೆ 68, 70ಕ್ಕೆ 79. ಇದು ಮಾರ್ಗಸೂಚಿ ಮಾತ್ರ, ಚಾಲಕನ ಹಕ್ಕಲ್ಲ. ಹಾಗಾಗಿ ನನ್ನ ತಕರಾರು ವೇಗದ ಬಗ್ಗೆ ಇರಲೇ ಇಲ್ಲ. ನಾನು ಹಾದುಹೋದ ಆ ಕ್ಷಣದಲ್ಲಿ ಫಲಕ ಏನನ್ನು ತೋರಿಸುತ್ತಿತ್ತು, ಮತ್ತು ಅದು ಬದಲಾಗಿ ಎಷ್ಟು ಹೊತ್ತಾಗಿತ್ತು ಎಂಬುದಷ್ಟೇ ನನಗೆ ಬೇಕಿತ್ತು.

ಈ ಎರಡನೆಯ ಪ್ರಶ್ನೆ ಹಟಕ್ಕೆ ಹುಟ್ಟಿದ್ದಲ್ಲ. ಈ ರಸ್ತೆಗಳಿಗಾಗಿ ಹೊರಡಿಸಿದ ವೇಗಮಿತಿ ನಿಯಮಗಳಲ್ಲೇ ಅದಕ್ಕೆ ಆಧಾರವಿದೆ: ವಾಹನ ಫಲಕವನ್ನು ದಾಟುವ ಮೊದಲಿನ ಹತ್ತು ಸೆಕೆಂಡಿನೊಳಗೆ ಫಲಕ ಹೆಚ್ಚಿನ ಮಿತಿಯನ್ನು ತೋರಿಸುತ್ತಿದ್ದರೆ, ಆ ಹೆಚ್ಚಿನ ಮಿತಿಯೇ ಆ ವಾಹನಕ್ಕೆ ಅನ್ವಯಿಸುತ್ತದೆ. ಗಂಟೆಗೆ 70 ಮೈಲಿ ವೇಗದಲ್ಲಿ ಹತ್ತು ಸೆಕೆಂಡಿಗೆ ಕಾರು 313 ಮೀಟರ್ ಸಾಗುತ್ತದೆ, 60ರಲ್ಲಿ 268 ಮೀಟರ್. ಕಣ್ಣೆದುರೇ ಅಂಕಿ ಬದಲಾದರೆ ಹಠಾತ್ತನೆ ಬ್ರೇಕ್ ಒತ್ತಿ ಹಿಂದಿನವನಿಂದ ಗುದ್ದಿಸಿಕೊಳ್ಳಬೇಕಾಗಿಲ್ಲ ಎಂಬ ಸಾಮಾನ್ಯ ಜ್ಞಾನವನ್ನು ಕಾನೂನು ಅಂಕಿಯಲ್ಲಿ ಬರೆದಿಟ್ಟ ಬಗೆ ಇದು. ನಿಯಮ ಇಷ್ಟು ಚೆನ್ನಾಗಿದ್ದ ಮೇಲೆ, ಆ ಹತ್ತು ಸೆಕೆಂಡು ಕಳೆದಿತ್ತೆಂದು ತೋರಿಸುವ ಒಂದು ಸಾಲು ನೋಟಿಸಿನಲ್ಲಿ ಇರಬೇಕಾಗಿತ್ತು. ಇರಲಿಲ್ಲ. ಸ್ಥಳ, ದಿನಾಂಕ, ಸಮಯ, ವೇಗ, ಮಿತಿ, ಇಷ್ಟೇ.

ತಕರಾರು ಮಾಡುವುದು ಹೇಗೆ ಎಂದು ಹುಡುಕಲು ಹೊರಟಾಗ ಮೊದಲ ನಿರಾಸೆ ಕಾದಿತ್ತು. ಪಾರ್ಕಿಂಗ್ ದಂಡಕ್ಕಾದರೆ ಮೇಲ್ಮನವಿ ಕೇಳುವ ಸ್ವತಂತ್ರ ಮಂಡಳಿಗಳಿವೆ, ವೇಗದ ನೋಟಿಸಿಗೆ ಅಂಥ ಮೆಟ್ಟಿಲೇ ಇಲ್ಲ. ಪೊಲೀಸರಿಗೆ ಪತ್ರ ಬರೆಯಬಹುದು, ಉತ್ತರ ಒಪ್ಪಿಗೆಯಾಗದಿದ್ದರೆ ಮುಂದಿರುವುದು ನೇರವಾಗಿ ಮ್ಯಾಜಿಸ್ಟ್ರೇಟ್ ನ್ಯಾಯಾಲಯ. ನಡುವೆ ಏನೂ ಇಲ್ಲ.

ಲೆಕ್ಕ ಹಾಕಿದರೆ ಆ ಮೆಟ್ಟಿಲು ಎಷ್ಟು ಎತ್ತರದ್ದೆಂದು ತಿಳಿಯುತ್ತದೆ. 50ರ ಮಿತಿಯಲ್ಲಿ 64ರವರೆಗೆ ಹೋದವರಿಗೆ, ಕಳೆದ ಮೂರು ವರ್ಷಗಳಲ್ಲಿ ಅಂಥ ತರಬೇತಿ ಪಡೆದಿಲ್ಲದಿದ್ದರೆ, ದಂಡದ ಬದಲು ಸುರಕ್ಷಿತ ಚಾಲನೆಯ ತರಬೇತಿಯ ಆಯ್ಕೆ ಸಿಗುವುದುಂಟು. ಅದಕ್ಕೆ ಶುಲ್ಕವಿದೆ, ಆದರೆ ಲೈಸೆನ್ಸಿನ ಮೇಲೆ ತಪ್ಪಿನ ಲೆಕ್ಕವಿಡುವ ಪಾಯಿಂಟು ಬೀಳುವುದಿಲ್ಲ. ಅದು ಬೇಡವೆಂದರೆ ಅಥವಾ ಸಿಗದಿದ್ದರೆ 100 ಪೌಂಡ್ ದಂಡ, ಮೂರು ಪಾಯಿಂಟು. ಅದನ್ನೂ ಒಪ್ಪದೆ ನ್ಯಾಯಾಲಯಕ್ಕೆ ಹೋಗಿ ಸೋತರೆ, ನನ್ನಂಥ ಪ್ರಕರಣದಲ್ಲಿ ವಾರದ ವರಮಾನದ ಅರ್ಧದಷ್ಟರ ಆಸುಪಾಸಿನಲ್ಲಿ ದಂಡ, ಅದರ ಮೇಲೆ ಶೇಕಡಾ 40ರ ಹೆಚ್ಚುವರಿ, ಜೊತೆಗೆ ವಿಚಾರಣೆಯ ಖರ್ಚೆಂದು ನೂರಾರು ಪೌಂಡ್. ಮೋಟರ್‌ವೇಯಲ್ಲಿ ದಂಡದ ಗರಿಷ್ಠ ಮಿತಿ 2,500 ಪೌಂಡ್. ಮೂರು ವರ್ಷಗಳಲ್ಲಿ 12 ಪಾಯಿಂಟು ಕೂಡಿದರೆ ಲೈಸೆನ್ಸು ಹೋಗುತ್ತದೆ, ಹೊಸದಾಗಿ ಲೈಸೆನ್ಸು ಪಡೆದವರಿಗೆ ಮೊದಲ ಎರಡು ವರ್ಷಗಳಲ್ಲಿ ಆರೇ ಸಾಕು. ತಾನು ಸರಿ ಎಂದು ನಂಬಿದವನೂ ಈ ತಕ್ಕಡಿಯನ್ನು ನೋಡಿದ ಮೇಲೆ ತರಬೇತಿಗೆ ಹೆಸರು ಕೊಟ್ಟು ಸುಮ್ಮನಾಗುತ್ತಾನೆ. ಬಹುಪಾಲು ಜನ ತಪ್ಪು ಮಾಡಿರುತ್ತಾರೆ, ಆದ್ದರಿಂದ ಇದು ಬಹುಪಾಲು ಸರಿಯಾಗಿಯೇ ನಡೆಯುತ್ತದೆ. ಆದರೆ ಸಾಕ್ಷ್ಯವನ್ನು ಯಾರೂ ತೆರೆದು ನೋಡದೆ ಮುಗಿಯುವ ವ್ಯವಸ್ಥೆಯಲ್ಲಿ ಸಾಕ್ಷ್ಯ ಕೆಟ್ಟಾಗಲೂ ಯಾರಿಗೂ ತಿಳಿಯುವುದಿಲ್ಲ.

ನಾನು ಮಾಡಿದ್ದನ್ನು ವಿವರವಾಗಿಯೇ ಬರೆಯುತ್ತೇನೆ, ಇದೇ ಸ್ಥಿತಿಯಲ್ಲಿರುವವರಿಗೆ ಉಪಯೋಗವಾಗಬಹುದು. ಮೊದಲು ಚಾಲಕ ನಾನೇ ಎಂದು ತಿಳಿಸುವ ಪತ್ರವನ್ನು ಗಡುವಿನೊಳಗೆ ಸಹಿ ಮಾಡಿ ಕಳಿಸಿದೆ. ಇದನ್ನು ತಪ್ಪೊಪ್ಪಿಗೆ ಎಂದು ಭಾವಿಸಿ ಕಳಿಸದೇ ಉಳಿಯುವವರಿದ್ದಾರೆ, ಅದು ಎಲ್ಲಕ್ಕಿಂತ ದುಬಾರಿಯಾದ ತಪ್ಪು. 1988ರ ರಸ್ತೆ ಸಂಚಾರ ಕಾಯ್ದೆಯ 172ನೆಯ ಕಲಮಿನಂತೆ ಉತ್ತರಿಸದಿರುವುದೇ ಬೇರೆ ಅಪರಾಧ, ಅದಕ್ಕೆ ಆರು ಪಾಯಿಂಟು, 1,000 ಪೌಂಡ್‌ವರೆಗೆ ದಂಡ. ಮೌನವಾಗಿರುವ ಹಕ್ಕಿಗೆ ಇದು ವಿರುದ್ಧ ಎಂಬ ವಾದವನ್ನು ಇಬ್ಬರು ಚಾಲಕರು ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯದವರೆಗೆ ಒಯ್ದು 2007ರಲ್ಲಿ ಸೋತರು. ಇನ್ನು ಬೇರೆಯವರ ಹೆಸರು ಬರೆದು ಪಾಯಿಂಟು ದಾಟಿಸುವ ಆಲೋಚನೆ ಇದ್ದವರು ಕ್ರಿಸ್ ಹ್ಯೂನ್ ಪ್ರಕರಣವನ್ನು ನೆನಪಿಸಿಕೊಳ್ಳಲಿ: 2003ರಲ್ಲಿ ಎಂ11 ರಸ್ತೆಯಲ್ಲಿ ಬಿದ್ದ ಮೂರು ಪಾಯಿಂಟನ್ನು ಹೆಂಡತಿಯ ಹೆಸರಿಗೆ ದಾಟಿಸಿದ್ದಕ್ಕೆ, ಅಷ್ಟರಲ್ಲಿ ಮಂತ್ರಿಯೂ ಆಗಿ ಇಳಿದಿದ್ದ ಆತನಿಗೂ ಆಗ ಮಾಜಿ ಪತ್ನಿಯಾಗಿದ್ದ ವಿಕಿ ಪ್ರೈಸ್ ಅವರಿಗೂ 2013ರಲ್ಲಿ ತಲಾ ಎಂಟು ತಿಂಗಳ ಸೆರೆವಾಸವಾಯಿತು.

ನೋಟಿಸು ಬಂದ ದಿನವನ್ನೂ ಲೆಕ್ಕ ಹಾಕಿದೆ. ಪೊಲೀಸರು ಸ್ಥಳದಲ್ಲೇ ನಿಲ್ಲಿಸಿ ಎಚ್ಚರಿಸದಿದ್ದ ಪಕ್ಷದಲ್ಲಿ, ವಾಹನ ಯಾರ ಹೆಸರಿನಲ್ಲಿ ನೋಂದಣಿಯಾಗಿದೆಯೋ ಅವರಿಗೆ ನೋಟಿಸು 14 ದಿನಗಳೊಳಗೆ ತಲುಪಬೇಕು. ಅಂಚೆ ಮುಷ್ಕರದಿಂದಾಗಿ 16ನೆಯ ದಿನ ತಲುಪಿದ ನೋಟಿಸಿನ ಆಧಾರದ ಶಿಕ್ಷೆಯನ್ನು ಹೈಕೋರ್ಟು 2009ರಲ್ಲಿ ರದ್ದುಮಾಡಿದೆ, ಆದ್ದರಿಂದ ಇದು ಬರಿ ಶಿಷ್ಟಾಚಾರವಲ್ಲ. ಆದರೆ ಕಾರು ಕಂಪನಿಯದ್ದೋ ಬಾಡಿಗೆಯದ್ದೋ ಆಗಿದ್ದರೆ ಮೊದಲ ನೋಟಿಸು ಅವರಿಗೆ ಹೋಗಿರುತ್ತದೆ, ಚಾಲಕನಿಗೆ ತಡವಾಗಿ ಬಂದ ಎರಡನೆಯ ಪತ್ರಕ್ಕೆ ಈ 14 ದಿನದ ಲೆಕ್ಕ ಸಲ್ಲದು. ನನ್ನದು ಒಂಬತ್ತನೆಯ ದಿನ ಬಂದಿತ್ತು. ಆ ಬಾಗಿಲು ಮುಚ್ಚಿತು.

ಚಿತ್ರಗಳನ್ನು ಕೇಳಿದೆ, ಸಿಕ್ಕವು. ಕಾರಿನ ಹಿಂಭಾಗ, ಸಂಖ್ಯಾಫಲಕ, ವೇಗ, ಮಿತಿ ಎಲ್ಲವೂ ಇದ್ದವು. ನಾನು ದಾಟಿ ಬಂದ ಫಲಕದ ಮುಖ ಮಾತ್ರ ಇರಲಿಲ್ಲ. 'ಮಿತಿ ಎಷ್ಟು ಹೊತ್ತಿನಿಂದ 50 ಇತ್ತು' ಎಂಬ ನನ್ನ ಪ್ರಶ್ನೆಗೆ ಪೊಲೀಸ್ ಕಚೇರಿಯಿಂದ ಬಂದ ಉತ್ತರ ಎರಡೇ ವಾಕ್ಯದ್ದು: ಸಾಧನಕ್ಕೆ ಸರ್ಕಾರದ ಅನುಮೋದನೆಯಿದೆ, ಸಾಕ್ಷ್ಯವನ್ನು ಪ್ರಶ್ನಿಸುವುದಿದ್ದರೆ ನ್ಯಾಯಾಲಯದಲ್ಲಿ ಪ್ರಶ್ನಿಸಬಹುದು. ಸಭ್ಯವಾದ ಉತ್ತರವೇ. ಪ್ರಶ್ನೆಯನ್ನು ಮುಟ್ಟದೆ ಅದರ ಪಕ್ಕದಲ್ಲಿ ಹಾದುಹೋಗುವ ಉತ್ತರ.

ನನಗೆ ಬೇಕಾದದ್ದು ಪೊಲೀಸರ ಬಳಿ ಇರಲಿಲ್ಲ, ರಸ್ತೆಯನ್ನು ನೋಡಿಕೊಳ್ಳುವ ನ್ಯಾಷನಲ್ ಹೈವೇಸ್ ಬಳಿ ಇತ್ತು. ಫಲಕಗಳು ಯಾವಾಗ ಏನನ್ನು ತೋರಿಸಿದವು ಎಂಬುದೆಲ್ಲ ಹ್ಯಾಲೊಜನ್ ಎಂಬ ದಾಖಲೆ ವ್ಯವಸ್ಥೆಯಲ್ಲಿ ಕೂಡಿಟ್ಟಿರುತ್ತದೆ. 2000ದ ಮಾಹಿತಿ ಸ್ವಾತಂತ್ರ್ಯ ಕಾಯ್ದೆಯಡಿ ಯಾರು ಬೇಕಾದರೂ ಅದನ್ನು ಕೇಳಬಹುದು, ವಕೀಲರು ಬೇಕಿಲ್ಲ, ಶುಲ್ಕವನ್ನೂ ಕೇಳಲಿಲ್ಲ. ಸ್ಥಳದ ಗುರುತು, ದಿನಾಂಕ, ಅರ್ಧ ಗಂಟೆಯ ಅವಧಿಯನ್ನು ಬರೆದು ಇಮೇಲ್ ಕಳಿಸಿದೆ. ಈ ಕಾಯ್ದೆಯಲ್ಲಿ ಉತ್ತರಕ್ಕೆ ಕೊಟ್ಟಿರುವ ಅವಧಿ 20 ಕೆಲಸದ ದಿನಗಳು. ಶನಿವಾರ ಭಾನುವಾರಗಳನ್ನು ಸೇರಿಸಿಕೊಂಡರೆ ಅದು ಸರಿಯಾಗಿ 28 ದಿನವಾಗುತ್ತದೆ, ನೋಟಿಸಿಗೆ ಉತ್ತರಿಸಲು ನನಗೆ ಕೊಟ್ಟಷ್ಟೇ. ನಡುವೆ ಒಂದು ಸರ್ಕಾರಿ ರಜೆ ಬಿದ್ದರೂ ಮಾಹಿತಿ ಬರುವ ಮೊದಲೇ ನೋಟಿಸಿನ ಗಡುವು ಮುಗಿದಿರುತ್ತದೆ. ಈ ಎರಡು ಗಡುವುಗಳನ್ನು ಒಂದೇ ಮೇಜಿನ ಮೇಲಿಟ್ಟು ಯಾರೂ ನೋಡಿಲ್ಲವೆಂದೇ ತೋರುತ್ತದೆ. ಚಾಲಕನ ಹೆಸರು ತಿಳಿಸಿದ ನಂತರ ತರಬೇತಿಯ ಪ್ರಸ್ತಾವಕ್ಕೆ ಉತ್ತರಿಸಲು ಇನ್ನಷ್ಟು ದಿನ ಸಿಗುವುದರಿಂದ ನಾನು ಬಚಾವಾದೆ.

ದಾಖಲೆ ಹದಿನೆಂಟನೆಯ ಕೆಲಸದ ದಿನ ಬಂದಿತು. ಸರಳವಾದ ಒಂದು ಹಾಳೆ: ಫಲಕದ ಸಂಖ್ಯೆ, ಸಮಯ, ತೋರಿಸಿದ ಅಂಕಿ. ನಾನು ಹಾದುಹೋಗುವುದಕ್ಕೆ 1 ನಿಮಿಷ 52 ಸೆಕೆಂಡಿನಷ್ಟು ಮೊದಲೇ ಆ ಫಲಕ 60ರಿಂದ 50ಕ್ಕೆ ಇಳಿದಿತ್ತು. ಅದಕ್ಕೆ ಹಿಂದಿನ ಗ್ಯಾಂಟ್ರಿಯಲ್ಲಿ ಮಾತ್ರ 60 ಇತ್ತು. ನಾನು ಕಂಡದ್ದು, ನೆನಪಿಟ್ಟುಕೊಂಡದ್ದು, ಒಂದು ತಿಂಗಳ ಕಾಲ ಮನೆಯವರೆದುರು ಆಣೆ ಮಾಡಿ ಹೇಳಿದ್ದು ಅದನ್ನೇ. ಎಡಬದಿಯ ಫಲಕವನ್ನು ನಾನು ನೋಡಿರಲೇ ಇಲ್ಲ. ಲಾರಿಗಳು ಮರೆಮಾಡಿದ್ದವೋ, ರೇಡಿಯೋ ಕೇಳುತ್ತ ಮೈಮರೆತಿದ್ದೆನೋ, ಈಗ ಹೇಳಲಾರೆ. ನೋಟಿಸು ಸರಿಯಾಗಿತ್ತು, ನಾನು ತಪ್ಪಿದ್ದೆ. ಅದೇ ಸಂಜೆ ತರಬೇತಿಗೆ ಹೆಸರು ಕೊಟ್ಟೆ.

ತರಬೇತಿಯ ಬಗ್ಗೆ ಹೆಚ್ಚು ಬರೆಯುವುದಕ್ಕಿಲ್ಲ. ಮೋಟರ್‌ವೇ ಅಪರಾಧಗಳಿಗೆಂದೇ ಪ್ರತ್ಯೇಕವಾಗಿರುವ ಪಾಠವದು, ಮನೆಯಿಂದಲೇ ಕಂಪ್ಯೂಟರಿನಲ್ಲಿ ಕೂತು ಮುಗಿಸಿದೆ, ಕಲಿಸಿದವರು ಬೈಯಲಿಲ್ಲ. ಕೆಂಪು ಉಂಗುರವಿಲ್ಲದ ಅಂಕಿಯ ಅರ್ಥ ತರಗತಿಯಲ್ಲಿದ್ದ ಅರ್ಧದಷ್ಟು ಜನರಿಗೆ ಗೊತ್ತಿರಲಿಲ್ಲ ಎಂಬುದು ಮಾತ್ರ ನನ್ನನ್ನು ಸ್ವಲ್ಪ ಹೆದರಿಸಿತು.

ಹಾಗಿದ್ದರೆ ದೂರೇನು ಎಂದು ಕೇಳಬಹುದು. ನಾನು ತಪ್ಪು ಎಂದು ನನಗೆ ಮನವರಿಕೆ ಮಾಡಿಕೊಟ್ಟದ್ದು ಆ ಹಾಳೆಯ ಒಂದೇ ಸಾಲು, ಅದು ಮೊದಲ ದಿನವೇ ನೋಟಿಸಿನಲ್ಲಿದ್ದಿದ್ದರೆ ನಾನು ಮೊದಲ ದಿನವೇ ಒಪ್ಪಿಕೊಳ್ಳುತ್ತಿದ್ದೆ. 'ಈ ಫಲಕ ಇಷ್ಟು ಗಂಟೆ ಇಷ್ಟು ನಿಮಿಷ ಇಷ್ಟು ಸೆಕೆಂಡಿನಿಂದ 50 ಎಂದು ತೋರಿಸುತ್ತಿತ್ತು' ಎಂದು ಅಚ್ಚುಮಾಡಲು ಹೊಸ ಯಂತ್ರವೇನೂ ಬೇಕಿಲ್ಲ, ದಾಖಲೆ ಆಗಲೇ ಇದೆ. ಅದನ್ನು ಇಟ್ಟುಕೊಂಡವರು ಬೇರೆ, ನೋಟಿಸು ಬರೆಯುವವರು ಬೇರೆ, ಎರಡನ್ನೂ ಜೋಡಿಸುವ ಕೆಲಸ ಆರೋಪ ಹೊತ್ತವನ ಪಾಲಿಗೆ ಬಿದ್ದಿದೆ.

ಇದು ನನ್ನ ಮೂಗಿನ ಮೇಲಿನ ಕೋಪವಾಗಿದ್ದರೆ ಇಷ್ಟು ಬರೆಯುತ್ತಿರಲಿಲ್ಲ. ನನ್ನ ಪ್ರಕರಣ ಮುಗಿದ ಮೇಲೆ, 2025ರ ಡಿಸೆಂಬರ್‌ನಲ್ಲಿ, ಬದಲಾಗುವ ವೇಗಮಿತಿಯ ಕೆಲವು ಕ್ಯಾಮೆರಾಗಳಿಗೂ ಅವುಗಳ ಫಲಕಗಳಿಗೂ ಕಾಲ ಹೊಂದಿಕೆಯಾಗುತ್ತಿರಲಿಲ್ಲ ಎಂದು ನ್ಯಾಷನಲ್ ಹೈವೇಸ್ ತಾನೇ ಪ್ರಕಟಿಸಿತು. ಫಲಕದಲ್ಲಿ ಅಂಕಿ ಬದಲಾಗುವುದಕ್ಕೂ ಕ್ಯಾಮೆರಾಗೆ ಅದು ತಿಳಿಯುವುದಕ್ಕೂ ನಡುವೆ ಸ್ವಲ್ಪ ಅಂತರ ಉಳಿದು, 2021ರಿಂದೀಚೆಗೆ ಸುಮಾರು 2,650 ಬಾರಿ ಕ್ಯಾಮೆರಾಗಳು ತಪ್ಪಾಗಿ ಚಾಲಕರನ್ನು ಹಿಡಿದಿದ್ದವು. ಹೀಗೆ ಸಿಕ್ಕಿಬಿದ್ದವರ ಹಣವನ್ನು ಹಿಂದಿರುಗಿಸಿ ಪಾಯಿಂಟುಗಳನ್ನು ಅಳಿಸುವುದಾಗಿ ಹೇಳಿದರು, ಮುನ್ನೆಚ್ಚರಿಕೆಯಾಗಿ ಸಾವಿರಾರು ತರಬೇತಿಗಳನ್ನೂ ರದ್ದುಮಾಡಿದರು. ಒಟ್ಟು ಪ್ರಕರಣಗಳ ನಡುವೆ ಇದು ತೀರ ಸಣ್ಣ ಪಾಲು ಎಂಬುದನ್ನು ಒಪ್ಪುತ್ತೇನೆ. ಆದರೆ ಆ ಸಣ್ಣ ಪಾಲಿನವರಲ್ಲಿ 'ನಾನು ನೋಡಿದ್ದು ಬೇರೆ ಅಂಕಿ' ಎಂದು ಪತ್ರ ಬರೆದವರು ಇದ್ದೇ ಇರುತ್ತಾರೆ, ಅವರಿಗೂ ಸಾಧನಕ್ಕೆ ಅನುಮೋದನೆಯಿದೆ ಎಂಬ ಆ ಎರಡು ವಾಕ್ಯಗಳೇ ಹೋಗಿರುತ್ತವೆ. ಸೆಕೆಂಡುಗಳನ್ನು ನೋಟಿಸಿನಲ್ಲೇ ಅಚ್ಚುಮಾಡಿದ್ದರೆ ಈ ದೋಷ ನಾಲ್ಕು ವರ್ಷ ಅಡಗಿ ಕೂರುವುದು ಕಷ್ಟವಿತ್ತು.

ನೋಟಿಸು ಕೈಯಲ್ಲಿ ಹಿಡಿದು ಇದನ್ನು ಓದುತ್ತಿರುವವರಿಗೆ ನನ್ನ ಶಿಫಾರಸು ಇಷ್ಟು: ಚಾಲಕ ಯಾರೆಂದು ಮೊದಲು ತಿಳಿಸಿ, ಅದೇ ದಿನ ಫಲಕದ ದಾಖಲೆಗೆ ಅರ್ಜಿ ಹಾಕಿ, ದಾಖಲೆ ಕೈಗೆ ಬರುವವರೆಗೆ ನಿಮ್ಮ ನೆನಪನ್ನು ನಂಬಿ ನ್ಯಾಯಾಲಯದ ಹಾದಿ ಹಿಡಿಯಬೇಡಿ. ಫಲಕ ಬದಲಾದದ್ದು ಹತ್ತು ಸೆಕೆಂಡಿನೊಳಗೆ ಎಂದು ಆ ಹಾಳೆಯೇ ಹೇಳಿದರೆ ಮಾತ್ರ ಮಾತು ಬೇರೆ, ಆಗ ಅದರ ಪ್ರತಿಯನ್ನಿಟ್ಟು ಪೊಲೀಸರಿಗೆ ಇನ್ನೊಮ್ಮೆ ಬರೆಯಿರಿ, ಅವರು ಒಪ್ಪದಿದ್ದರೆ ಸಂಚಾರ ಪ್ರಕರಣಗಳನ್ನು ನಡೆಸುವ ವಕೀಲರನ್ನು ಕಾಣಿರಿ. ಕಾರಿನ ವೇಗಸೂಚಿ ಕಡಿಮೆ ತೋರಿಸುತ್ತಿತ್ತು ಎಂಬ ವಾದವನ್ನಂತೂ ಹೂಡಬೇಡಿ. ನಿಜವಾದ ವೇಗಕ್ಕಿಂತ ಕಡಿಮೆ ತೋರಿಸದಂತೆಯೇ ಅವನ್ನು ತಯಾರಿಸಬೇಕೆಂದು ನಿಯಮವಿದೆ.

ರಸ್ತೆಯ ಮೇಲಿನ ವ್ಯವಸ್ಥೆಗೆ ಐದಕ್ಕೆ ನಾಲ್ಕು ಕೊಡುತ್ತೇನೆ, ಒಂದನ್ನು ಕಳೆದದ್ದು ಎಡಬದಿಯ ಆ ಒಂಟಿ ಫಲಕಗಳಿಗಾಗಿ. ಅಂಚೆಯಲ್ಲಿ ಬರುವ ಭಾಗಕ್ಕೆ ಎರಡು. ಫಲಕ ಬದಲಾದ ಸಮಯದ ಸಾಲು ನೋಟಿಸಿನಲ್ಲಿ ಅಚ್ಚಾಗಿ ಬಂದರೆ, ಆ ನೋಟಿಸು ನನ್ನ ಹೆಸರಿಗೇ ಬಂದಿದ್ದರೂ ಸರಿ, ಈ ಎರಡನ್ನು ನಾಲ್ಕಕ್ಕೆ ತಿದ್ದುತ್ತೇನೆ.